ಕಾಪಾಡಿ ತಂದ ಘೇಂಡಾಮೃಗದ ಫೋಟೊ: ಓಲ್ ಪೆಜೆಟಾಗೆ ಹೊರಟವರಿಗೆ

ಆಫ್ರಿಕಾದ ಅಭಯಾರಣ್ಯಕ್ಕೆ ಕ್ಯಾಮೆರಾ ಹೊತ್ತು ಹೊರಟವರು ಮೊದಲು ಕೇಳುವ ಪ್ರಶ್ನೆ, ಎಷ್ಟು ದೊಡ್ಡ ಲೆನ್ಸ್ ಬೇಕು ಎನ್ನುವುದು. ಆರೈಕೆಯಲ್ಲಿರುವ ಘೇಂಡಾಮೃಗದ ಮಟ್ಟಿಗೆ ಇದಕ್ಕೆ ಉತ್ತರ ಬೇರೆಯೇ ಇದೆ. 600 ಮಿ.ಮೀ. ಲೆನ್ಸ್ ಇಟ್ಟುಕೊಂಡವರೇ ಇಲ್ಲಿ ಹೆಚ್ಚು ಪರದಾಡುತ್ತಾರೆ. ಮನುಷ್ಯರಿಗೆ ಒಗ್ಗಿದ ಪ್ರಾಣಿ ಹತ್ತು ಮೀಟರ್ ದೂರದಲ್ಲೇ ನಿಂತಿರುತ್ತದೆ, ಉದ್ದ ಮೂರೂವರೆ ಮೀಟರಿನಷ್ಟಿರುತ್ತದೆ. ಎಷ್ಟು ಒದ್ದಾಡಿದರೂ ಚೌಕಟ್ಟಿನೊಳಗೆ ಒಂದು ಕಿವಿ, ಅರ್ಧ ಕೊಂಬು ಬಿಟ್ಟರೆ ಇನ್ನೇನೂ ಬರುವುದಿಲ್ಲ.

ಓಲ್ ಪೆಜೆಟಾ ಇರುವುದು ಕೀನ್ಯಾದ ಲೈಕಿಪಿಯಾದಲ್ಲಿ, ನನ್ಯುಕಿ ಪಟ್ಟಣದ ಪಶ್ಚಿಮಕ್ಕೆ, ಭೂಮಧ್ಯರೇಖೆಯ ಮೇಲೆ. ನೈರೋಬಿಯಿಂದ ಉತ್ತರಕ್ಕೆ ಸುಮಾರು 200 ಕಿ.ಮೀ. ದೂರದ ಈ ಕನ್ಸರ್ವೆನ್ಸಿಯ (ವನ್ಯಜೀವಿ ಸಂರಕ್ಷಣಾ ಪ್ರದೇಶದ) ವಿಸ್ತಾರ ಸುಮಾರು 90,000 ಎಕರೆ. ಕೀನ್ಯಾದಲ್ಲಿ 1970ರ ಸುಮಾರಿಗೆ 20,000ದಷ್ಟಿದ್ದ ಕಪ್ಪು ಘೇಂಡಾಮೃಗಗಳು 1980ರ ದಶಕದ ಕೊನೆಯ ಹೊತ್ತಿಗೆ 400ಕ್ಕಿಂತ ಕೆಳಗಿಳಿದವು. ಕಳ್ಳಬೇಟೆ ಮಾಡಿದ ಈ ಲೂಟಿಯ ನಂತರ ಬೇಲಿ ಹಾಕಿ, ಕಾವಲಿಟ್ಟು ಉಳಿಸಿಕೊಂಡ ಜಾಗಗಳಲ್ಲಿ ಇದೂ ಒಂದು. ಪೂರ್ವ ಆಫ್ರಿಕಾದ ಅತಿ ದೊಡ್ಡ ಕಪ್ಪು ಘೇಂಡಾಮೃಗ ಧಾಮ ಇದೇ.

ಇಲ್ಲಿ ಕಾಡಿನಲ್ಲಿ ಸ್ವತಂತ್ರವಾಗಿ ತಿರುಗುವ ಕಪ್ಪು ಘೇಂಡಾಮೃಗಗಳಿವೆ, ದಕ್ಷಿಣದ ಬಿಳಿ ಘೇಂಡಾಮೃಗಗಳಿವೆ. ಇವುಗಳ ಜೊತೆಗೆ ಆರೈಕೆಯಲ್ಲಿ ಬದುಕುವ ಕೆಲವೂ ಇವೆ. ನಜಿನ್ ಮತ್ತು ಅವಳ ಮಗಳು ಫಾಟು ಜಗತ್ತಿನಲ್ಲಿ ಉಳಿದಿರುವ ಕೊನೆಯ ಎರಡು ಉತ್ತರದ ಬಿಳಿ ಘೇಂಡಾಮೃಗಗಳು. ಜೆಕ್ ದೇಶದ ಮೃಗಾಲಯವೊಂದರಿಂದ 2009ರ ಡಿಸೆಂಬರ್‌ನಲ್ಲಿ ಸುಡಾನ್, ಸುನಿ ಎಂಬ ಎರಡು ಗಂಡುಗಳ ಜೊತೆ ಇಲ್ಲಿಗೆ ಬಂದವು. ಸುನಿ 2014ರಲ್ಲಿ ಸತ್ತಿತು. 45 ವರ್ಷದ ಸುಡಾನ್ 2018ರ ಮಾರ್ಚ್ 19ರಂದು ಕಣ್ಣು ಮುಚ್ಚಿತು. ಬರಾಕಾ ಎಂಬ ಕಪ್ಪು ಗಂಡಿನ ಕಥೆ ಬೇರೆ. ಒಂದು ಕಣ್ಣು ಇನ್ನೊಂದು ಗಂಡಿನ ಜೊತೆಗಿನ ಕಾಳಗದಲ್ಲಿ ಹೋಯಿತು, ಇನ್ನೊಂದು ಪೊರೆ ಬಂದು ಹೋಯಿತು. ಕಣ್ಣಿಲ್ಲದೆ ಕಾಡಿನಲ್ಲಿ ಬಾಳಲಾರದೆಂದು ಅದಕ್ಕಾಗಿಯೇ ಆವರಣ ಮಾಡಿದರು. ಅಲ್ಲಿಗೆ ಹೋದವರು ವರ್ಷಗಟ್ಟಲೆ ತೀರಾ ಹತ್ತಿರದಿಂದ ಕಂಡ ಕಪ್ಪು ಘೇಂಡಾಮೃಗ ಅದೇ.

ಇಂಥ ಪ್ರಾಣಿಯ ಚಿತ್ರ ಕಾಡಿನ ಘೇಂಡಾಮೃಗದ ಚಿತ್ರದಂತೆ ಕಾಣಬೇಕು ಎಂಬ ಹಟವೇ ಮೊದಲ ತೊಡಕು. ಬೇಲಿ ಕತ್ತರಿಸಿ, ಪಾಲಕರನ್ನು ಕತ್ತರಿಸಿ, ಕಳ್ಳಬೇಟೆಯವರ ಕಣ್ಣು ಬೀಳದಿರಲೆಂದು ಕೊಯ್ದ ಕೊಂಬು ಕಾಣದ ಕೋನ ಹುಡುಕಿ ತೆಗೆದರೆ ಉಳಿಯುವುದು ಯಾವುದೋ ಒಂದು ಘೇಂಡಾಮೃಗ. ನಜಿನ್ ಆಗಲಿ ಬರಾಕಾ ಆಗಲಿ ಅಲ್ಲ. ಅದರ ಮೈಮೇಲಿನ ಗುರುತುಗಳು, ಕೊಯ್ದ ಕೊಂಬು, ಬೆಳ್ಳಗಾದ ಕಣ್ಣು, ಪಕ್ಕದಲ್ಲಿ ನಿಂತ ಮನುಷ್ಯ, ಇವೇ ಚಿತ್ರದ ಜೀವ. ಲೆನ್ಸ್ ಯಾವುದು, ಎಲ್ಲಿ ನಿಲ್ಲಬೇಕು, ಎಲ್ಲಿ ಫೋಕಸ್ ಮಾಡಬೇಕು ಎಂಬುದನ್ನೆಲ್ಲ ನಾನು ಇದರ ಮೇಲೆಯೇ ನಿರ್ಧರಿಸುತ್ತೇನೆ.

ಲೆನ್ಸ್ ಮತ್ತು ದೂರದ ಲೆಕ್ಕ

ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ. ಅದನ್ನು ದೂರದಿಂದ ಗುಣಿಸಿ ಲೆನ್ಸಿನ ಮಿ.ಮೀ.ಯಿಂದ ಭಾಗಿಸಿದರೆ ಆ ದೂರದಲ್ಲಿ ಎಷ್ಟು ಅಗಲ ಸೆರೆಯಾಗುತ್ತದೆ ಎಂದು ಸಿಗುತ್ತದೆ. 30 ಮೀಟರ್ ದೂರದಲ್ಲಿ 400 ಮಿ.ಮೀ. ಲೆನ್ಸ್ ಹಿಡಿಯುವುದು 2.7 ಮೀಟರ್ ಮಾತ್ರ. ಪಕ್ಕಕ್ಕೆ ತಿರುಗಿ ನಿಂತ ಘೇಂಡಾಮೃಗ ಅದರಲ್ಲಿ ಹಿಡಿಸುವುದಿಲ್ಲ. ಅದೇ ದೂರದಲ್ಲಿ 200 ಮಿ.ಮೀ. ಹಾಕಿದರೆ 5.4 ಮೀಟರ್, ಇಡೀ ಪ್ರಾಣಿ ಸುತ್ತ ಒಂದಿಷ್ಟು ಬಯಲಿನ ಸಮೇತ ಕೂರುತ್ತದೆ. ಹತ್ತು ಮೀಟರಿಗೆ ಬಂದರೆ 70 ಮಿ.ಮೀ. ಸಾಕು. ಹಾಗಾಗಿ ಆವರಣದೊಳಗೆ ಹೆಚ್ಚು ಕೆಲಸಕ್ಕೆ ಬರುವುದು 70–200 ಮಿ.ಮೀ. ಜೂಮ್ ಲೆನ್ಸ್. ಪಾಲಕರ ಜೊತೆಗಿನ ಚಿತ್ರಕ್ಕೆ 24–70. ದಾರಿಯಲ್ಲಿ ಸಿಗುವ ಕಾಡು ಕಪ್ಪು ಘೇಂಡಾಮೃಗಕ್ಕೆ 100–400, ಏಕೆಂದರೆ ಅದು 60 ಮೀಟರಿಗಿಂತ ಹತ್ತಿರ ನಿಲ್ಲುವುದೇ ಅಪರೂಪ.

ಎರಡು ಕ್ಯಾಮೆರಾ ಬಾಡಿ ಇದ್ದರೆ ಎರಡಕ್ಕೂ ಲೆನ್ಸ್ ಹಾಕಿಯೇ ಹೊರಡಿ, ಅಲ್ಲಿ ಬದಲಾಯಿಸಬೇಡಿ. ಒಣಗಾಲದಲ್ಲಿ ದೂಳು ಹಿಟ್ಟಿನಷ್ಟು ನುಣುಪು. ಗಾಡಿ ನಿಂತ ಮೇಲೂ ಒಂದೆರಡು ನಿಮಿಷ ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಓಡಾಡುವಾಗ ಕ್ಯಾಮೆರಾವನ್ನು ಹತ್ತಿಯ ದಿಂಬಿನ ಚೀಲದೊಳಗೆ ಹಾಕಿಡುವುದು ಅಗ್ಗದ, ಗಟ್ಟಿ ಉಪಾಯ. ಪ್ಲಾಸ್ಟಿಕ್ ಕವರ್ ನೆಚ್ಚಿಕೊಳ್ಳಬೇಡಿ. ಕೀನ್ಯಾದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗುಗಳಿಗೆ 2017ರಿಂದ ನಿಷೇಧವಿದೆ, ಸಂರಕ್ಷಿತ ಪ್ರದೇಶಗಳೊಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೂ 2020ರಿಂದ ನಿಷೇಧವಿದೆ. ಲೆನ್ಸಿನ ಮೇಲೆ ದೂಳು ಕೂತರೆ ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿ, ಆಮೇಲೆ ಬ್ರಶ್, ಬಟ್ಟೆ ಕೊನೆಗೆ. ಒಣ ದೂಳಿನ ಮೇಲೆ ನೇರ ಬಟ್ಟೆ ಹಾಕಿ ಉಜ್ಜಿದರೆ ಗಾಜಿನ ಮೇಲಿನ ಕೋಟಿಂಗ್‌ಗೆ ಗೀರು ಬೀಳುತ್ತದೆ.

ಟ್ರೈಪಾಡ್ ಗಾಡಿಯೊಳಗೆ ಕೆಲಸಕ್ಕೆ ಬಾರದು. ಬೀನ್‌ಬ್ಯಾಗ್ ಎಂಬ, ಲೆನ್ಸ್ ಊರಿಡುವ ಚೀಲವನ್ನು ಖಾಲಿ ಒಯ್ದು, ನನ್ಯುಕಿಯಲ್ಲಿ ಎರಡು ಮೂರು ಕಿಲೊ ಜೋಳವೋ ಬೀನ್ಸ್ ಕಾಳೋ ತುಂಬಿಸಿಕೊಳ್ಳಿ. ನೈರೋಬಿಯಿಂದ ಸಣ್ಣ ವಿಮಾನದಲ್ಲಿ ಹೋಗುವವರಿಗೆ ಸಾಮಾನಿನ ಮಿತಿ ಸಾಮಾನ್ಯವಾಗಿ 15 ಕಿಲೊ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಪೆಟ್ಟಿಗೆಯಲ್ಲಿ ಲೆನ್ಸ್ ತುಂಬಿಕೊಂಡು ಹೋದರೆ ವಿಮಾನದ ಬಳಿಯೇ ತಕರಾರು.

ಕಿಟಕಿಯ ಮೇಲೆ ಬೀನ್‌ಬ್ಯಾಗ್ ಇಟ್ಟು ತೆಗೆಯಿರಿ, ತೆರೆದ ಛಾವಣಿಯಿಂದ ಬೇಡ. ಬಿಳಿ ಘೇಂಡಾಮೃಗ ಮೇಯುವ ಪ್ರಾಣಿ, ದಿನದ ಬಹುಪಾಲು ತಲೆ ನೆಲಕ್ಕೇ ಇಟ್ಟಿರುತ್ತದೆ. ಆಗ ಅದರ ಕಣ್ಣು ನೆಲದಿಂದ ಮುಕ್ಕಾಲು ಮೀಟರ್ ಎತ್ತರದಲ್ಲೂ ಇರುವುದಿಲ್ಲ. ಛಾವಣಿಯ ಎತ್ತರದಿಂದ ತೆಗೆದರೆ ಬೆನ್ನು ಮತ್ತು ಭುಜದ ಗೂನು ಕಾಣುತ್ತದೆ, ಎರಡು ಟನ್ನಿನ ಪ್ರಾಣಿ ಕುಳ್ಳಗೆ, ಚಪ್ಪಟೆಯಾಗಿ ಕಾಣುತ್ತದೆ. ಎಂಜಿನ್ ಆಫ್ ಮಾಡಿಸಿ. ಜೊತೆಯವರಿಗೆ ಒಂದು ನಿಮಿಷ ಅಲುಗಾಡಬೇಡಿ ಎಂದು ಮೊದಲೇ ಹೇಳಿಡಿ. ಹಿಂದಿನ ಸೀಟಿನಲ್ಲಿ ಒಬ್ಬರು ಕಾಲು ಬದಲಿಸಿದರೂ 400 ಮಿ.ಮೀ.ನಲ್ಲಿ ಅದು ಚಿತ್ರದಲ್ಲಿ ಕಾಣುತ್ತದೆ.

ಬೆಳಕು

ಭೂಮಧ್ಯರೇಖೆಯಲ್ಲಿ ವರ್ಷವಿಡೀ ಸೂರ್ಯ ಸುಮಾರು ಆರೂವರೆಗೆ ಹುಟ್ಟಿ, ಸಂಜೆ ಆರೂವರೆಯ ಆಸುಪಾಸಿಗೆ ಮುಳುಗುತ್ತಾನೆ. ನೆಟ್ಟಗೆ ಏರುತ್ತಾನೆ, ಗಂಟೆಗೆ ಹೆಚ್ಚುಕಡಿಮೆ 15 ಡಿಗ್ರಿ. ಎಂಟೂವರೆಗೆಲ್ಲ ಸೂರ್ಯ 30 ಡಿಗ್ರಿ ಮೇಲಿರುತ್ತಾನೆ. ಚಿನ್ನದ ಬೆಳಕು ಮುಕ್ಕಾಲು ಗಂಟೆಯಷ್ಟೇ ಸಿಗುತ್ತದೆ ಎಂದಿಟ್ಟುಕೊಂಡು, ಮೊದಲ ಬೆಳಕಿಗೆ ಪ್ರಾಣಿಯ ಎದುರಿರುವಂತೆ ಹೊರಡಬೇಕು. ನಜಿನ್, ಫಾಟು ಇರುವ ಆವರಣಕ್ಕೆ ಭೇಟಿ ನಿಗದಿತ ಹೊತ್ತಿನಲ್ಲೇ, ಸಿಬ್ಬಂದಿಯ ಜೊತೆಯಲ್ಲೇ ಆಗಬೇಕು. ಅದಕ್ಕೆ ಪ್ರತ್ಯೇಕ ಶುಲ್ಕವೂ ಇದೆ. ಕಾಯ್ದಿರಿಸುವಾಗಲೇ ದಿನದ ಮೊದಲ ಭೇಟಿ ಕೇಳಿಕೊಳ್ಳಿ.

ಕೀನ್ಯಾ ಪರ್ವತ ಹಿನ್ನೆಲೆಯಲ್ಲಿ ಬರಬೇಕು ಎಂದು ಎಲ್ಲರಿಗೂ ಆಸೆ. ಅದು ಓಲ್ ಪೆಜೆಟಾದ ಪೂರ್ವ ದಿಕ್ಕಿಗಿದೆ. ಬೆಳಗ್ಗೆ ಶುಭ್ರವಾಗಿ ಕಾಣುವ ಹೊತ್ತಿನಲ್ಲಿ ಸೂರ್ಯನೂ ಅದೇ ಕಡೆ. ಬೆಳಕು ಬೆಟ್ಟದ ಮುಖದ ಮೇಲೆ ಬೀಳುವ ಸಂಜೆಗೆ ಮೋಡ ಮುಚ್ಚಿರುವುದೇ ಹೆಚ್ಚು. ಆದ್ದರಿಂದ ಬೆಟ್ಟ ಬೇಕಿದ್ದರೆ ಹಿಂಬೆಳಕಿನ ಚಿತ್ರಕ್ಕೇ ಮನಸ್ಸು ಮಾಡಿ, ಆಕಾಶಕ್ಕೆ ಎಕ್ಸ್‌ಪೋಷರ್ ಹೊಂದಿಸಿ, ಪ್ರಾಣಿ ಕಪ್ಪು ಆಕೃತಿಯಾಗಿ ಬರಲಿ. ಕೊಂಬು, ಕಿವಿ, ಗೂನು ಮೂರೂ ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕಾಣುವ ಪಕ್ಕನೋಟ ಸಿಗುವ ತನಕ ಕಾಯಬೇಕು. ಕೊಂಬು ಕೊಯ್ದ ಪ್ರಾಣಿಯಲ್ಲಿ ಆಕೃತಿ ಅಷ್ಟಾಗಿ ಒಪ್ಪುವುದಿಲ್ಲ, ಅಲ್ಲಿ ಕಿವಿಯ ಕಡೆ ಗಮನ ಕೊಡಿ. ಉತ್ತರದ ಬಿಳಿ ಘೇಂಡಾಮೃಗದ ಕಿವಿಯಂಚಿನಲ್ಲಿ ದಕ್ಷಿಣದ ತಳಿಗಿಂತ ಕೂದಲು ಹೆಚ್ಚು. ಹಿಂಬೆಳಕಿನಲ್ಲಿ ಅದಷ್ಟೂ ಹೊಳೆಯುತ್ತದೆ. ಈ ಉಪತಳಿಯ ಗುರುತೇ ಆಗಿರುವ ಈ ಕೂದಲನ್ನು ಸರಿಯಾಗಿ ಹಿಡಿದ ಚಿತ್ರಗಳು ಕಡಿಮೆ.

ಹತ್ತು ಗಂಟೆ ಕಳೆದರೆ ಎರಡು ತೊಂದರೆ. ಒಂದು, ಬೆಳಕು ನೆತ್ತಿಯಿಂದ ಬಿದ್ದು ಕಣ್ಣು ಹಣೆಯ ಸುಕ್ಕಿನ ನೆರಳಲ್ಲಿ ಮುಳುಗುತ್ತದೆ. ಇನ್ನೊಂದು, ಕಾದ ನೆಲದಿಂದ ಏಳುವ ಬಿಸಿ ಗಾಳಿ. 50–60 ಮೀಟರ್ ಆಚೆಯ ಪ್ರಾಣಿಯ ಚರ್ಮದ ಗೆರೆಗಳೆಲ್ಲ ಕದಡಿ ಹೋಗುತ್ತವೆ. ಇದನ್ನು ಫೋಕಸ್ ತಪ್ಪಿತೆಂದುಕೊಂಡು ಎಷ್ಟೋ ಜನ ಲೆನ್ಸನ್ನು ದೂರುತ್ತಾರೆ. ಯಾವ ಲೆನ್ಸೂ ಅದನ್ನು ಸರಿಪಡಿಸಲಾರದು. ಹತ್ತಿರವಿದ್ದರೆ ಮಾತ್ರ ತೆಗೆಯಿರಿ, ಗಾಡಿಯ ಬಾನೆಟ್ ಮೇಲಿಂದಂತೂ ತೆಗೆಯಬೇಡಿ. ಅನಾಥ ಮರಿಗಳನ್ನು ನೋಡಲು ಹೋಗುವ ನೈರೋಬಿಯ ಶೆಲ್ಡ್ರಿಕ್ ನರ್ಸರಿಯಲ್ಲಿ ಸಾರ್ವಜನಿಕರಿಗೆ ಬಿಡುವುದೇ ಬೆಳಗ್ಗೆ 11ರಿಂದ 12ರ ತನಕ. ಅಲ್ಲಿ ಬೆಳಕನ್ನು ಆರಿಸಿಕೊಳ್ಳುವ ಅವಕಾಶವೇ ಇಲ್ಲ. ಮರದ ನೆರಳಿಗೆ ಬಂದ ಪ್ರಾಣಿಯನ್ನಷ್ಟೇ ತೆಗೆದು, ಕಪ್ಪು ಬಿಳುಪಿನಲ್ಲಿ ಯೋಚಿಸುವುದು ಮೇಲು.

ಫೋಕಸ್ ಎಲ್ಲಿ ತಪ್ಪುತ್ತದೆ

ಘೇಂಡಾಮೃಗದ ಕಣ್ಣು ದೇಹಕ್ಕೆ ಹೋಲಿಸಿದರೆ ತೀರಾ ಚಿಕ್ಕದು, ಗಾಢ ಬಣ್ಣದ್ದು, ತಲೆಯ ಪಕ್ಕಕ್ಕೆ ತಗ್ಗಿನಲ್ಲಿರುತ್ತದೆ, ಸುತ್ತ ಸುಕ್ಕುಗಳ ಉಂಗುರ. ಈಗಿನ ಕ್ಯಾಮೆರಾಗಳ ಪ್ರಾಣಿ-ಕಣ್ಣಿನ ಆಟೋಫೋಕಸ್ ಬೆಕ್ಕು, ನಾಯಿ, ಚಿರತೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಅದು ಸುಕ್ಕನ್ನೋ ಕಿವಿಯ ತೂತನ್ನೋ ಬೆನ್ನಿನ ಮೇಲೆ ಕೂತ ಹಕ್ಕಿಯನ್ನೋ ಹಿಡಿದುಕೊಂಡು ಬಿಡುತ್ತದೆ. ಕೆಸರು ಮೆತ್ತಿದ ಮುಖವಾದರಂತೂ ಇನ್ನೂ ಕಷ್ಟ. ಒಂದೇ ಬಿಂದುವಿನ ಫೋಕಸ್ ಇಟ್ಟು, ಬಿಂದುವನ್ನು ನೀವೇ ಕಣ್ಣಿನ ಕೆಳ ರೆಪ್ಪೆಯ ಮೇಲಿಡಿ.

ಎದುರಿನಿಂದ ತೆಗೆಯುವಾಗ ಇನ್ನೊಂದು ಲೆಕ್ಕ. ಮುಂಗೊಂಬಿನ ತುದಿಗೂ ಕಣ್ಣಿಗೂ ನಡುವೆ ಅರ್ಧ ಮೀಟರಿನಷ್ಟು ಅಂತರವಿರುತ್ತದೆ. 10 ಮೀಟರ್ ದೂರದಲ್ಲಿ 400 ಮಿ.ಮೀ. ಲೆನ್ಸನ್ನು ಎಫ್/5.6 ಅಪರ್ಚರಿನಲ್ಲಿ (ಬೆಳಕು ಬಿಡುವ ತೆರಪು; ಅಂಕಿ ದೊಡ್ಡದಾದಷ್ಟೂ ತೆರಪು ಕಿರಿದು) ಬಳಸಿದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 21 ಸೆಂ.ಮೀ. ಕಣ್ಣು ಚುರುಕಾಗಿದ್ದರೆ ಕೊಂಬು ಮಸುಕು, ಕೊಂಬು ಚುರುಕಾಗಿದ್ದರೆ ಕಣ್ಣು ಮಸುಕು. ಎಫ್/11ಕ್ಕೆ ಇಳಿಸಿದರೂ 41 ಸೆಂ.ಮೀ. ದಾಟುವುದಿಲ್ಲ. ಅದೇ ಜಾಗದಿಂದ 200 ಮಿ.ಮೀ., ಎಫ್/8 ಇಟ್ಟರೆ ಆಳ 1.2 ಮೀಟರ್ ಆಗುತ್ತದೆ, ಮೂತಿಯಿಂದ ಕಿವಿಯವರೆಗೂ ಎಲ್ಲ ಒಳಗೆ ಬರುತ್ತದೆ. ಹೆಚ್ಚು ಮೆಗಾಪಿಕ್ಸೆಲ್ ಸೆನ್ಸರಿನ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕುವವರು ಈ ಅಂಕಿಗಳಲ್ಲಿ ಮೂರನೇ ಒಂದು ಭಾಗ ಕಳೆದು ನಂಬಬೇಕು.

ಶಟರ್ ಸ್ಪೀಡ್ ವಿಷಯದಲ್ಲಿ ಪ್ರಾಣಿ ನಿಧಾನ ಎಂದು ಮೋಸ ಹೋಗಬಾರದು. ಮಲಗಿದ್ದರೆ 1/250 ಸೆಕೆಂಡ್ ಸಾಕು, ನಡೆಯುತ್ತಿದ್ದರೆ 1/500. ಆದರೆ ಕಿವಿಗಳು ಒಂದೊಂದೂ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತವೆ, ನೊಣ ಓಡಿಸಲು ಫಟ್ಟೆಂದು ಬಡಿಯುತ್ತವೆ. ಅದನ್ನು ನಿಲ್ಲಿಸಲು 1/1000 ಬೇಕು. ಕೆಸರಿನಲ್ಲಿ ಹೊರಳಿ ಏಳುವಾಗ 1/1600ಕ್ಕೆ ಕಡಿಮೆ ಬೇಡ. ಐಎಸ್‌ಒ ಏರಿತೆಂದು ಹೆದರಬೇಡಿ. ಚರ್ಮವೇ ಒರಟು ವಿನ್ಯಾಸದ್ದಾದ್ದರಿಂದ ಐಎಸ್‌ಒ 3200ರಲ್ಲಿ ಚಿತ್ರದಲ್ಲಿ ಮೂಡುವ ಕಾಳುಕಾಳು ಇದರಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ.

ಕಣ್ಣಿಲ್ಲದ ಪ್ರಾಣಿ

ಬರಾಕಾನಂಥ ಪ್ರಾಣಿಯ ಮುಂದೆ, ಕಣ್ಣಿಗೆ ಫೋಕಸ್ ಮಾಡಬೇಕೆಂಬ ಪಾಠವನ್ನೇ ಬಿಡಬೇಕಾಗುತ್ತದೆ. ಕುರುಡು ಪ್ರಾಣಿ ಲೋಕವನ್ನು ಅರಿಯುವುದು ಕಿವಿ, ಮೂಗು, ತುಟಿಗಳಿಂದ. ನಾನು ಫೋಕಸ್ ಇಡುವುದು ನಮ್ಮ ಕಡೆ ತಿರುಗಿದ ಕಿವಿಯ ಬುಡಕ್ಕೆ, ಇಲ್ಲವೇ ತುಟಿಗೆ. ಕಪ್ಪು ಘೇಂಡಾಮೃಗದ ಮೇಲ್ದುಟಿ ಚೂಪಾಗಿ ಕೆಳಕ್ಕೆ ಬಾಗಿರುತ್ತದೆ. ಅದರಿಂದಲೇ ಕೊಂಬೆಯನ್ನು ಸುತ್ತಿ ಹಿಡಿದು ಒಳಗೆಳೆದುಕೊಳ್ಳುತ್ತದೆ. ಓಲ್ ಪೆಜೆಟಾದ ಬಯಲಿನಲ್ಲಿ ತುಂಬ ಇರುವ ಮುಳ್ಳಿನ ಅಕೇಶಿಯಾ ಕೊಂಬೆಯನ್ನು ತುಟಿ ಮುಟ್ಟುವುದನ್ನು ನೋಡಿ: ಮೊದಲು ತುದಿ ಅಲುಗುತ್ತದೆ, ಮುಳ್ಳು ಎಲ್ಲಿದೆ ಎಂದು ತಡವುತ್ತದೆ, ಆಮೇಲೆ ಸುತ್ತುತ್ತದೆ, ತಲೆ ಒಂದಿಷ್ಟೇ ಓರೆಯಾಗಿ ಹಲ್ಲು ಕತ್ತರಿಸುತ್ತದೆ. ಕಡಿದ ಕೊಂಬೆಯ ತುದಿ ಕತ್ತಿಯಲ್ಲಿ ಕೊಯ್ದಷ್ಟು ನೀಟಾಗಿ, ಸುಮಾರು 45 ಡಿಗ್ರಿ ಓರೆಯಾಗಿರುತ್ತದೆ. 200 ಮಿ.ಮೀ., ಎಫ್/8, 1/800ರಲ್ಲಿ ತುಟಿ ಮಾತ್ರ ತುಂಬಿಕೊಂಡು ಹತ್ತು ಹದಿನೈದು ಫ್ರೇಮ್ ತೆಗೆದರೆ ಸುತ್ತುವ ಕ್ಷಣ ಒಂದಾದರೂ ಸಿಗುತ್ತದೆ.

ಬೆಳ್ಳಗಾದ ಕಣ್ಣನ್ನು ಮರೆಮಾಚುವುದೂ ಬೇಡ, ಅದನ್ನೇ ಹಿಗ್ಗಿಸಿ ಕರುಣೆ ಹುಟ್ಟಿಸುವುದೂ ಬೇಡ. ಮುಕ್ಕಾಲು ಮುಖ ಕಾಣುವ ಕೋನದಲ್ಲಿ ಕಣ್ಣು, ಕಿವಿ, ತುಟಿ ಮೂರೂ ಒಟ್ಟಿಗೆ ಬರುತ್ತವೆ.

ಕಾಡಿನ ಘೇಂಡಾಮೃಗಕ್ಕೆ ನಮ್ಮ ವಾಸನೆ ಹೋಗದ ಹಾಗೆ, ಗಾಳಿ ಅದರ ಕಡೆಯಿಂದ ನಮ್ಮತ್ತ ಬೀಸುವ ಜಾಗ ಹಿಡಿಯುತ್ತೇವೆ. ಕುರುಡು ಪ್ರಾಣಿಯ ಹತ್ತಿರ ಇದಕ್ಕೆ ತದ್ವಿರುದ್ಧ. ನೀವು ಎಲ್ಲಿದ್ದೀರಿ ಎಂದು ಅದಕ್ಕೆ ಗೊತ್ತಿರಬೇಕು. ಪಾಲಕರು ಮುಟ್ಟುವ ಮೊದಲು ಮಾತಾಡುತ್ತಾರೆ, ನೀವೂ ಅವರ ಪಕ್ಕದಲ್ಲೇ ನಿಂತು ಮೆಲ್ಲಗೆ ಒಂದು ಮಾತಾಡಿ, ಆಮೇಲೆ ಜಾಗ ಬದಲಿಸಬೇಡಿ. ಸದ್ದಿಲ್ಲದೆ ಸುತ್ತಿ ಬಂದು ಇನ್ನೊಂದು ಪಕ್ಕದಿಂದ ತೆಗೆಯುವುದು ಅದನ್ನು ಬೆಚ್ಚಿಸುತ್ತದೆ, ಬೆಚ್ಚಿದ ಒಂದು ಟನ್ನಿನ ಪ್ರಾಣಿ ಯಾವ ಕಡೆ ನುಗ್ಗುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ಫ್ಲ್ಯಾಶ್ ಬೇಡವೇ ಬೇಡ. ಶಟರಿನ ಸದ್ದಿಗೆ ಕಿವಿ ನೆಟ್ಟಗಾದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿಗೆ ಬದಲಾಯಿಸಿ. ಕಿವಿ ಬಡಿಯುವಾಗ ಮಾತ್ರ ಅದು ಆಕಾರವನ್ನು ಓರೆ ಮಾಡಬಹುದು.

ಬೇಲಿ, ಬಣ್ಣ, ಕೊಂಬು

ಆವರಣದ ಸುತ್ತ ವಿದ್ಯುತ್ ಬೇಲಿ ಇರುತ್ತದೆ, ಹಲವು ಸಾವಿರ ವೋಲ್ಟಿನ ಮಿಡಿತ ಹರಿಯುತ್ತಿರುತ್ತದೆ. ಕಾರ್ಬನ್ ಫೈಬರ್ ಮೊನೊಪಾಡ್ ವಿದ್ಯುತ್ ಹರಿಸುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ತಂತಿಯಿಂದ ಎರಡು ಗೇಣಾದರೂ ದೂರವಿರಿ. ತಂತಿಗಳ ನಡುವೆ ತೆಗೆಯುವುದಾದರೆ ಬಿಸಿಲು ಬಿದ್ದ ತಂತಿಯನ್ನು ಬಿಟ್ಟು ನೆರಳಲ್ಲಿರುವ ಭಾಗ ಆರಿಸಿ. ಬಿಸಿಲಿಗೆ ಹೊಳೆಯುವ ತಂತಿ ಚಿತ್ರದ ಮೇಲೆ ಮಂಕು ಪರದೆ ಎಳೆಯುತ್ತದೆ, ಅದನ್ನು ಆಮೇಲೆ ತೆಗೆಯಲಾಗದು. ಅಪರ್ಚರ್ ಪೂರ್ತಿ ತೆರೆದಿಡಿ. ಪ್ರಾಣಿಯ ಹಿಂದೆ ಬೇಲಿ ಬರುತ್ತಿದ್ದರೆ ವೀಕ್ಷಣಾ ಕಟ್ಟೆಯ ಎತ್ತರದಿಂದ ತೆಗೆದಾಗ ಹಿನ್ನೆಲೆಗೆ ನೆಲ ಬರುತ್ತದೆ, ಕೆಳಗಿನಿಂದ ತೆಗೆದಾಗ ಬೇಲಿ ಬರುತ್ತದೆ. ಕಡೆಗೆ ಬೇಲಿ ಬಂದರೂ ನನಗೆ ಬೇಸರವಿಲ್ಲ. ಆ ಬೇಲಿ ಇರುವುದರಿಂದಲೇ ಪ್ರಾಣಿ ಬದುಕಿದೆ.

ಬಣ್ಣ ಸ್ಥಳದ ಮಣ್ಣಿನಿಂದ ಬರುತ್ತದೆ. ಕೀನ್ಯಾದ ಇನ್ನೊಂದು ಅಭಯಾರಣ್ಯ ತ್ಸಾವೋದಲ್ಲಿ ಕೆಮ್ಮಣ್ಣು, ಅಲ್ಲಿಯ ಪ್ರಾಣಿಗಳೂ ಕೆಂಪು. ಓಲ್ ಪೆಜೆಟಾದ್ದು ಎರೆಮಣ್ಣು, ಒದ್ದೆಯಾದಾಗ ಇದ್ದಿಲ ಕಪ್ಪು, ಒಣಗಿದ ಮೇಲೆ ಬೂದಿ ಬಣ್ಣ. ಆಟೋ ವೈಟ್ ಬ್ಯಾಲೆನ್ಸ್ ಈ ವ್ಯತ್ಯಾಸವನ್ನೆಲ್ಲ ಒಂದೇ ಮಾಡಿಬಿಡುತ್ತದೆ. 5200–5500 ಕೆಲ್ವಿನ್‌ಗೆ ಕಟ್ಟಿಹಾಕಿ. ಹೊಸ ಕೆಸರು ಮೆತ್ತಿಕೊಂಡ ಪ್ರಾಣಿ ಚೌಕಟ್ಟು ತುಂಬಿದಾಗ ಕ್ಯಾಮೆರಾ ಅದನ್ನು ಬೂದು ಮಾಡಲು ಹೋಗಿ ಆಕಾಶ ಸುಟ್ಟುಬಿಡುತ್ತದೆ, ಎಕ್ಸ್‌ಪೋಷರನ್ನು –2/3 ಸ್ಟಾಪ್ ಇಟ್ಟುಕೊಳ್ಳಿ. ಬೆನ್ನ ಮೇಲೆ ಬೆಳ್ಳಕ್ಕಿ ಕೂತಿದ್ದರೆ ಎಕ್ಸ್‌ಪೋಷರ್ ಹೊಂದಿಸಬೇಕಾದ್ದು ಬೆಳ್ಳಕ್ಕಿಗೆ. ಮಳೆ ಬಂದ ಮೇಲೆ ಇದೇ ಎರೆಮಣ್ಣು ಗಾಡಿಯ ಚಕ್ರವನ್ನು ಹಿಡಿದು ಕೂರಿಸುತ್ತದೆ, ಹುಲ್ಲು ಎತ್ತರ ಬೆಳೆದು ಕಾಲು ಮುಚ್ಚುತ್ತದೆ. ಜನವರಿ–ಫೆಬ್ರುವರಿ, ಜೂನ್‌ನಿಂದ ಸೆಪ್ಟೆಂಬರ್ ವಾಸಿ.

ಕೊಯ್ದ ಕೊಂಬಿನ ಮೇಲ್ಮೈಯನ್ನು ಒಂದಾದರೂ ಬಿಡಿ ಚಿತ್ರದಲ್ಲಿ ಹತ್ತಿರದಿಂದ ತೆಗೆಯಿರಿ. ಕೊಂಬು ಮೂಳೆಯಲ್ಲ, ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ. ಅಡ್ಡ ಕೊಯ್ದಲ್ಲಿ ಎಳೆ ಎಳೆಯಾಗಿ, ಪೊರಕೆ ಕಡ್ಡಿಗಳ ಕಟ್ಟನ್ನು ಬಿಗಿದು ಕತ್ತರಿಸಿದ ಹಾಗೆ ಕಾಣುತ್ತದೆ. ಬುಡದ ಜೀವಂತ ಭಾಗ ಬಿಟ್ಟು ಕೊಯ್ಯುವುದರಿಂದ ನೋವಾಗುವುದಿಲ್ಲ, ಮತ್ತೆ ಬೆಳೆಯುತ್ತದೆ. ಹೀಗಾಗಿ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಕೊಯ್ಯಬೇಕು. ಬೆಳಗಿನ ಪಕ್ಕದ ಬೆಳಕಿನಲ್ಲಿ ಈ ಎಳೆಗಳು ಎದ್ದು ಕಾಣುತ್ತವೆ. ಎಡಿಟ್ ಮಾಡುವಾಗ ಕ್ಲಾರಿಟಿ, ಡಿಹೇಜ್ ಜಗ್ಗಿದರೆ ಈ ಸೂಕ್ಷ್ಮವೇ ಸತ್ತುಹೋಗುತ್ತದೆ.

ಪ್ರಾಣಿಯ ಭಾಷೆ

ಬಿಳಿ ಘೇಂಡಾಮೃಗ ತಲೆ ಎತ್ತಲೆಂದು ಶಿಳ್ಳೆ ಹೊಡೆಯುವವರು, ಗಾಡಿಯ ಬಾಗಿಲು ತಟ್ಟುವವರು ಇದ್ದಾರೆ. ಸಿಗುವುದು ಗಾಬರಿಯ ಮುಖ, ಅದು ಚಿತ್ರದಲ್ಲಿ ಗೊತ್ತಾಗುತ್ತದೆ. ಪಾಲಕರು ಲೂಸರ್ನ್ ಹುಲ್ಲು ತಂದಾಗ, ಕೆಸರಿನಿಂದ ಎದ್ದಾಗ, ಮೇಯುವ ಜಾಗ ಬದಲಿಸುವಾಗ ತಾನಾಗಿ ತಲೆ ಎತ್ತುತ್ತದೆ. ಬೆನ್ನ ಮೇಲೆ ಕೂತು ಉಣ್ಣೆ ಹೆಕ್ಕುವ ಆಕ್ಸ್‌ಪೆಕರ್ ಹಕ್ಕಿಗಳನ್ನೂ ಗಮನಿಸಿ. ದಕ್ಷಿಣ ಆಫ್ರಿಕಾದ ಹ್ಲುಹ್ಲುವೆ-ಇಮ್ಫೊಲೋಜಿಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಕ್ಕಿ ಇಲ್ಲದ ಕಪ್ಪು ಘೇಂಡಾಮೃಗಗಳು ಹತ್ತಿರ ಬರುವ ಮನುಷ್ಯನನ್ನು ಶೇ. 23ರಷ್ಟು ಸಲ ಮಾತ್ರ ಪತ್ತೆ ಹಚ್ಚಿದವು, ಹಕ್ಕಿ ಇದ್ದವು ಪ್ರತಿ ಸಲವೂ. ಹಕ್ಕಿ ಕೂಗಿದ ಕೂಡಲೇ ಪ್ರಾಣಿ ತಿರುಗುವುದು ವಾಸನೆ ಬಾರದ ದಿಕ್ಕಿಗೆ, ಅಂದರೆ ಗಾಳಿ ಬೀಸಿ ಹೋಗುವ ಕಡೆಗೆ. ನೀವು ಆ ಕಡೆ ಇದ್ದರೆ ಮುಖ ನಿಮಗೆ ಎದುರಾಗುತ್ತದೆ.

ಅಗಿಯುವುದು ನಿಂತು, ಎರಡೂ ಕಿವಿ ನಿಮ್ಮ ಮೇಲೇ ನೆಟ್ಟು, ಬಾಲ ಮೇಲಕ್ಕೆ ಸುರುಳಿಯಾದರೆ ಕ್ಯಾಮೆರಾ ಕೆಳಗಿಳಿಸಿ. ಬುಸುಗುಟ್ಟಿದರೆ ಹಿಂದೆ ಸರಿಯಿರಿ. ಗಂಟೆಗೆ 50 ಕಿ.ಮೀ. ವೇಗದ ಹತ್ತಿರ ಓಡುವ ಪ್ರಾಣಿಗೆ ಹತ್ತು ಮೀಟರ್ ಏನೂ ಅಲ್ಲ. ಗಾಡಿಯಿಂದ ಇಳಿಯಬೇಕೇ ಬೇಡವೇ ಎಂಬುದು ಪೂರ್ತಿ ರೇಂಜರಿಗೆ ಬಿಟ್ಟದ್ದು.

ಪಾಲಕರು ಮತ್ತು ಪೋಸ್ಟ್ ಮಾಡುವ ಮೊದಲು

ಪಾಲಕರ ಜೊತೆಗಿನ ಚಿತ್ರಕ್ಕೆ 35ರಿಂದ 50 ಮಿ.ಮೀ. ಹಿತ. 24ರಲ್ಲಿ ಹತ್ತಿರ ಹೋದರೆ ಮೂತಿ ಊದಿ, ಪಾಲಕರು ಹಿಂದೆಲ್ಲೋ ಚಿಕ್ಕದಾಗಿ ನಿಂತಂತೆ ಬರುತ್ತದೆ. ಟೋಪಿಯ ನೆರಳಲ್ಲಿರುವ ಕಪ್ಪು ಮುಖಕ್ಕೆ ಎಕ್ಸ್‌ಪೋಷರ್ +2/3 ಸ್ಟಾಪ್ ಕೊಡಬೇಕು, ಪ್ರಾಣಿಯ ಬೂದು ಮೈ ಅದನ್ನು ತಡೆದುಕೊಳ್ಳುತ್ತದೆ. ಅವರ ಮುಖ ಪ್ರಕಟಿಸಬಹುದೇ ಎಂದು ಅವರನ್ನೇ ಕೇಳಿ. ಕಳ್ಳಬೇಟೆಯವರು ಒಳಗಿನವರನ್ನು ಹುಡುಕಿ ಬೆದರಿಸುವುದೂ ಆಮಿಷ ತೋರಿಸುವುದೂ ಇದೆ. ಬಂದೂಕು ಹಿಡಿದ ಕಾವಲುಗಾರರು, ಕಾವಲು ಗೋಪುರ, ಗೇಟು, ರೇಡಿಯೊ ಕಂಬ ಯಾವುದೂ ಸಾರ್ವಜನಿಕ ಚಿತ್ರದಲ್ಲಿ ಬೇಡ.

ಸ್ಥಳದ ಮಾಹಿತಿ ಇದಕ್ಕಿಂತ ದೊಡ್ಡ ವಿಷಯ. ನಜಿನ್, ಫಾಟು ಎಲ್ಲಿದ್ದಾರೆಂದು ಜಗತ್ತಿಗೇ ಗೊತ್ತು, ಅವರಿಗೆ ದಿನವಿಡೀ ಸಶಸ್ತ್ರ ಕಾವಲಿದೆ. ಅದೇ ದಿನ ದಾರಿಯಲ್ಲಿ ಸಿಕ್ಕ ಕಾಡು ಕಪ್ಪು ಘೇಂಡಾಮೃಗಕ್ಕೆ ಆ ಭಾಗ್ಯವಿಲ್ಲ. ಮೊಬೈಲ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ. ಕ್ಯಾಮೆರಾವನ್ನು ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸಿದ್ದರೆ ಆ ಆ್ಯಪ್ ಕೂಡ ಪ್ರತಿ ಚಿತ್ರಕ್ಕೂ ಜಿಪಿಎಸ್ ಸೇರಿಸುತ್ತಿರಬಹುದು, ಅದರೊಳಗೆ ಹೋಗಿ ಲೊಕೇಶನ್ ಹಂಚಿಕೆ ನಿಲ್ಲಿಸಿ. ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಿಂದ ಎಕ್ಸ್‌ಪೋರ್ಟ್ ಮಾಡುವಾಗ ಲೊಕೇಶನ್ ತೆಗೆದುಹಾಕುವ ಆಯ್ಕೆಗೆ ಟಿಕ್ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಉದುರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಹಿನ್ನೆಲೆಯ ಬೆಟ್ಟದ ಸಾಲು, ನೀರಿನ ಹೊಂಡ, ದಾರಿಫಲಕ ನೋಡಿ ಜಾಗ ಗುರುತಿಸುವವರಿದ್ದಾರೆ. ಕಾಡು ಪ್ರಾಣಿಯದ್ದನ್ನು ಮನೆಗೆ ಬಂದು ಕೆಲ ವಾರ ಕಳೆದ ಮೇಲೆ ಹಾಕಿ. ಡ್ರೋನ್ ಅನುಮತಿ ಇಲ್ಲದೆ ಕೀನ್ಯಾಗೆ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ತಡೆದಿಟ್ಟುಕೊಳ್ಳುತ್ತಾರೆ.

ಶೀರ್ಷಿಕೆಯಲ್ಲಿ ಆವರಣದ ಪ್ರಾಣಿ ಎಂದೇ ಬರೆಯಿರಿ. ಸ್ಪರ್ಧೆಗೆ ಕಳಿಸುವಾಗ ಇದನ್ನು ಮುಚ್ಚಿಟ್ಟರೆ ಚಿತ್ರ ತಿರಸ್ಕಾರವಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ನೋಡುವವರಿಗೆ ಸುಳ್ಳು ಹೇಳಿದಂತಾಗುತ್ತದೆ. ಕಾಡಿನಲ್ಲಿ ಸಿಕ್ಕ ಪ್ರಾಣಿಯದ್ದಾದರೆ ಎಡ, ಬಲ ಎರಡೂ ಪಕ್ಕದ ಚಿತ್ರ, ಎರಡೂ ಕಿವಿ ಚೆನ್ನಾಗಿ ಕಾಣುವ ಒಂದು ಎದುರಿನ ಚಿತ್ರ ತೆಗೆದು ಕನ್ಸರ್ವೆನ್ಸಿಯ ಸಿಬ್ಬಂದಿಗೆ ನೇರವಾಗಿ ಕೊಡಿ. ಕಿವಿಯಂಚಿನಲ್ಲಿ ಕೊಯ್ದಿರುವ ಕಚ್ಚುಗಳ ಜಾಗ ನೋಡಿಯೇ ಅವರು ಒಂದೊಂದು ಪ್ರಾಣಿಯನ್ನೂ ಗುರುತಿಸುವುದು. ದಿನಾಂಕ, ಹೊತ್ತು, ಕಂಡ ಜಾಗ ಬರೆದು ಅವರಿಗೆ ಮಾತ್ರ ಕೊಟ್ಟರೆ, ಆ ಪ್ರಾಣಿಯನ್ನು ಕೊನೆಯ ಸಲ ಯಾವಾಗ, ಯಾವ ಸ್ಥಿತಿಯಲ್ಲಿ ಕಂಡಿತ್ತೆಂಬ ದಾಖಲೆಗೆ ಅದು ಸೇರುತ್ತದೆ.